ಕೂತುಕೊಂಡೇ ಹೋಗುತ್ತೇನೆ ಎಂದ ಟೀಚರಮ್ಮ

ಗೋವಿಂದರಾಜನಗರದ ಆ ಮನೆ ನಮಗೆ ಬಾಡಿಗೆಗೆ ಸಿಕ್ಕಿದ್ದು ಅಪ್ಪನ ಹೆಗಲಿನ ದೆಸೆಯಿಂದ. ಅದು ನಮಗೆ ಗೊತ್ತಾಗಿದ್ದು ಮಾತ್ರ ಹಾಲುಕ್ಕಿಸಿ ಎರಡು ತಿಂಗಳಾದ ಮೇಲೆ. ಮನೆ ನೋಡಲು ಹೋದ ದಿನ ಮನೆಯೊಡತಿ ಕುರ್ಚಿಯಲ್ಲಿ ಕೂತು, ಬಲಗಾಲನ್ನು ಮುಂದಿನ ಸ್ಟೂಲಿನ ಮೇಲೆ ನೀಟಾಗಿ ಚಾಚಿಕೊಂಡು, ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಮನಿಯಾಗ ಮಾಂಸ ಬೇಯಿಸಂಗಿಲ್ಲ. ತಿನ್ನೂದಿದ್ರ ತವರಮನಿಗೆ ಹೋಗಿ ತಿಂದು ಬರ್ರಿ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ತಲೆಯಾಡಿಸಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ತಮ್ಮಂದಿರು ಎಷ್ಟು ಜನ, ಎಲ್ಲಿದ್ದಾರೆ, ಅವರೂ ನಿಮ್ಮಷ್ಟೇ ಎತ್ತರವೇ ಎಂದು ಕೇಳಿದರು. ಮೂವರು, ಕೆಂಗೇರಿ ಪಕ್ಕದ ನಮ್ಮೂರಲ್ಲೇ ಇದ್ದಾರೆ, ಹೆಚ್ಚುಕಮ್ಮಿ ಇಷ್ಟೇ ಎತ್ತರ ಎಂದು ಅಪ್ಪ ಪೆಚ್ಚಾಗಿ ಉತ್ತರ ಕೊಟ್ಟ. ಅವರಿಗೆ ಬಹಳ ಸಂತೋಷವಾಯಿತು. ಅಡ್ವಾನ್ಸಿನಲ್ಲಿ ಸ್ವಲ್ಪ ಬಿಟ್ಟೂ ಬಿಟ್ಟರು.

ಬೀದಿಯವರೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ಹಾವೇರಿ ಕಡೆಯ ಲಿಂಗಾಯತರು, ಹೆಡ್‌ಮೇಡಮ್ಮಾಗಿ ರಿಟೈರಾದವರು. ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ನೆಂಟರೆಲ್ಲ ಒಂದು ರಾತ್ರಿಯ ರೈಲುದಾರಿಯಾಚೆ. "ಅವರು ಸುದ್ದಿ ತಿಳಿದು, ರಜಾ ಬರೆದು, ಗಾಡಿ ಹತ್ತಿ ಬರೂದ್ರೊಳಗ ನಾನು ನಾರತೀನಿ" ಎಂದು ನಗುತ್ತಾ ಹೇಳುತ್ತಿದ್ದರು. ಅದಕ್ಕೇ ತಮ್ಮ ಮಣ್ಣಿನ ಏರ್ಪಾಟನ್ನು ತಾವೇ ಮಾಡಿಕೊಂಡು, ಕೊಡುವುದನ್ನೆಲ್ಲ ಮುಂಚಿತವಾಗಿ ಕೊಟ್ಟು ಮುಗಿಸಬೇಕೆಂದು ತೀರ್ಮಾನಿಸಿದ್ದರು. ಮನೆಯ ಹಿಂದಿನ ಭಾಗಕ್ಕೆ ಬಾಡಿಗೆದಾರರನ್ನು ಹುಡುಕಿದ್ದೂ ಆ ಏರ್ಪಾಟಿನ ಒಂದು ಭಾಗ. ನಾಲ್ಕು ಜನ ಸಮ ಎತ್ತರದ ಗಂಡಸರು ಒಂದೇ ಮನೆಯಿಂದ ಸಿಕ್ಕಿದ್ದು ಅವರ ಪಾಲಿಗೆ ಲಾಟರಿ ಹೊಡೆದಂತಾಗಿತ್ತು. ಎತ್ತರ ಸಮ ಇಲ್ಲದಿದ್ದರೆ ಹೊತ್ತವರು ಕುಲುಕಾಡಿಸುತ್ತಾರಂತೆ.

ಕುಲುಕಬಾರದು ಏಕೆಂದರೆ ಅವರು ಮಲಗಿಕೊಂಡು ಹೋಗುವವರಲ್ಲ, ಕೂತುಕೊಂಡು ಹೋಗುವವರು. ಅವರ ಪೈಕಿಯಲ್ಲಿ ಸತ್ತವರನ್ನು ಪೂಜೆಗೆ ಕೂತ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂರಿಸುತ್ತಾರೆ, ಎಡಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ, ಬಿದಿರಿನ ವಿಮಾನ ಕಟ್ಟಿ ಅದರೊಳಗೆ ಕೂರಿಸಿಕೊಂಡು ಹೊರುತ್ತಾರೆ. ಗುಣಿಯೊಳಗೂ ಕೂರಿಸಿಯೇ, ಸುತ್ತ ವಿಭೂತಿಯುಂಡೆ, ಬಿಲ್ವಪತ್ರೆ ತುಂಬಿ ಮಣ್ಣು ಕೊಡುತ್ತಾರೆ. ನಮ್ಮ ಒಕ್ಕಲಿಗರ ಮನೆಗಳಲ್ಲಿ ಹಾಗಲ್ಲ. ಉಸಿರು ಹೋದ ತಕ್ಷಣ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿ, ಕಾಲು ನೀಟಾಗಿ ಜೋಡಿಸಿ, ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟಿ, ತಲೆಯ ಹತ್ತಿರ ದೀಪ ಹಚ್ಚುತ್ತೇವೆ.

"ಹತ್ತು ವರ್ಷದಾಕಿ ಇದ್ದಾಗಿಂದ ಕುಂತು ಪೂಜಿ ಮಾಡೀನಿ. ಕಡೀಕ ಮಕ್ಕೊಂಡು ಹೋಗ್ಲೇನು?" ಎನ್ನುತ್ತಿದ್ದರು ಟೀಚರಮ್ಮ.

ಆದರೆ ಅವರ ಬಲಮಂಡಿ ಬಾಗುತ್ತಿರಲಿಲ್ಲ. ಬೀದಿ ನಲ್ಲಿಯ ಹತ್ತಿರ ಬಿದ್ದು ಮುರಿದ ಮಂಡಿಯನ್ನು ಯಾರೋ ನಾಟಿ ವೈದ್ಯ ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದನಂತೆ. ಕಟ್ಟು ಬಿಚ್ಚಿದಾಗ ನೋವು ಹೋಗಿತ್ತು, ಜೊತೆಗೆ ಮಡಿಸುವುದೂ ಹೋಗಿತ್ತು. ಜೀವ ಹೋದ ಮೇಲೆ ಆ ಕಾಲನ್ನು ಏನು ಮಾಡುತ್ತಾರೆ ಎಂಬುದೊಂದೇ ಅವರ ಭಯ. ಚಿಕ್ಕ ಹುಡುಗಿಯಾಗಿದ್ದಾಗ ಪಕ್ಕದ ಮನೆಯ ಮುದುಕನೊಬ್ಬ ರಾತ್ರಿ ಸತ್ತು, ಬೆಳಿಗ್ಗೆ ನೋಡುವಷ್ಟರಲ್ಲಿ ಸೆಟೆದುಹೋಗಿದ್ದನಂತೆ. ಕೂರಿಸಲೇಬೇಕೆಂದು ನಾಲ್ಕು ಜನ ಸೇರಿ ಕಾಲನ್ನು ಒತ್ತಿ ಮಡಿಸಿದರಂತೆ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಇವರಿಗೆ ಆ ಸದ್ದು ಕೇಳಿಸಿತ್ತು.

"ಸಾಯಾಕ ಅಂಜಿಕಿಲ್ಲ ತಂಗಿ. ಆ ಸಪ್ಪಳ ನನ್ನ ಕಾಲಾಗ ಬರಬಾರದು" ಎಂದು ಒಂದು ಮಧ್ಯಾಹ್ನ ನನಗೆ ಹೇಳಿದರು. ಆಗ ಅವರ ಮುಖದಲ್ಲಿ ಹೆಡ್‌ಮೇಡಮ್ಮಿನ ಗತ್ತು ಒಂದಿಷ್ಟೂ ಇರಲಿಲ್ಲ.

ನಾನಾಗ ಹತ್ತನೇ ಕ್ಲಾಸು. ಲೆಕ್ಕದಲ್ಲಿ ಮುಗ್ಗರಿಸಿ ಬೀಳುವ ಹುಡುಗಿ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ನಮ್ಮಿಬ್ಬರಿಗೂ ಒಂದು ಒಪ್ಪಂದವಾಯಿತು. ನಾನು ದಿನಾ ಬೆಳಿಗ್ಗೆ ಅವರ ಮಂಡಿಗೆ ಬಿಸಿ ಹರಳೆಣ್ಣೆ ತಿಕ್ಕಿ, ಸ್ವಲ್ಪ ಸ್ವಲ್ಪವೇ ಮಡಿಸಿ ಬಿಡಿಸಬೇಕು. ಅವರು ನನಗೆ ಲೆಕ್ಕ, ಇಂಗ್ಲಿಷು ಹೇಳಿಕೊಡಬೇಕು. ಬೇರೆ ಮುದುಕರು ನಡೆಯುವುದಕ್ಕೆಂದು ಕಾಲು ತಿಕ್ಕಿಸಿಕೊಂಡರೆ ಇವರು ಗುಣಿಯಲ್ಲಿ ಕೂರುವುದಕ್ಕೆಂದು ತಿಕ್ಕಿಸಿಕೊಂಡರು. ನೋವಾದಾಗ ಹಲ್ಲು ಕಚ್ಚಿಕೊಂಡು, "ಸೂತ್ರ ಹೇಳು, ಸೂತ್ರ ಹೇಳು" ಎಂದು ನನ್ನ ಮೇಲೆ ರೇಗುತ್ತಿದ್ದರು. ಬೀಜಗಣಿತ ನನ್ನ ತಲೆಗೆ ಹತ್ತಿದ್ದು ಹರಳೆಣ್ಣೆಯ ವಾಸನೆಯ ಜೊತೆಯಲ್ಲೇ. ನಾನು ಎಸೆಸೆಲ್ಸಿ ಪಾಸಾದೆ, ಪಿಯುಸಿ ಮುಗಿಸಿದೆ, ಡಿಗ್ರಿಗೂ ಸೇರಿದೆ. ನಮ್ಮ ವಂಶದಲ್ಲಿ ಅಷ್ಟು ಓದಿದ ಮೊದಲನೆಯ ಹೆಣ್ಣು ನಾನೇ. ಅದಕ್ಕೆ ಆ ಮಂಡಿಗೆ ನಾನು ಇವತ್ತಿಗೂ ಕೈಮುಗಿಯಬೇಕು.

ಮಂಡಿ ಪೂರ್ತಿ ಬಾಗಲಿಲ್ಲ. ಎರಡನೇ ವರ್ಷದ ಹೊತ್ತಿಗೆ ಅರ್ಧಕ್ಕಿಂತ ಕೊಂಚ ಹೆಚ್ಚು ಬಾಗುವಂತಾಯಿತು, ಅಷ್ಟೇ. ಆದರೆ ಅದರಿಂದ ಅವರು ಯೋಚಿಸಿರದ ಇನ್ನೊಂದು ಲಾಭವಾಯಿತು. ಕೋಲೂರಿಕೊಂಡು ಓಡಾಡತೊಡಗಿದರು. ಮಾಗಡಿ ರಸ್ತೆಯ ಬಸ್ಸು ಹತ್ತಿದರು, ವಿಜಯನಗರದ ಕಡೆ ಹೊಸ ಮನೆಗಳು ಏಳುವುದನ್ನು ನೋಡಿಬಂದರು, ಸೀಮೆಎಣ್ಣೆ ಕ್ಯೂನಲ್ಲಿ ನಮ್ಮ ಪರವಾಗಿಯೂ ನಿಂತು ಜಗಳವಾಡಿದರು. ಸಾಯುವ ತಯಾರಿಯಲ್ಲಿ ಆರೋಗ್ಯವಂತರಾಗಿಬಿಟ್ಟರು ಎಂದು ಅಪ್ಪ ತಮಾಷೆ ಮಾಡುತ್ತಿದ್ದ.

ಉಳಿದ ಏರ್ಪಾಟುಗಳು ಜೊತೆಜೊತೆಗೇ ನಡೆದವು. ರುದ್ರಭೂಮಿಯಲ್ಲಿ ಗುಣಿ ತೋಡುವವನನ್ನು ಮನೆಗೇ ಕರೆಸಿದರು. ಸತ್ತವರ ಪಾದದ ಅಳತೆಯಲ್ಲಿ ಒಂಬತ್ತು ಪಾದ ಎಂಬುದು ಅವರಲ್ಲಿ ಗುಣಿಯ ಲೆಕ್ಕ. ಹಳೆಯ ಪೇಪರಿನ ಮೇಲೆ ಪಾದ ಇಟ್ಟು, ನನ್ನ ಕೈಯಿಂದ ಸುತ್ತ ಪೆನ್ಸಿಲಿನ ಗೆರೆ ಎಳೆಸಿದರು. ಕತ್ತರಿಸಿ ಅವನ ಮುಂದೆ ಹಿಡಿದು, "ನೋಡಪಾ, ಸಣ್ಣ ಪಾದ. ಸಣ್ಣ ಗುಣಿ. ಉಳಿದವರಿಗೆ ತಗೊಂಡಷ್ಟು ಕೂಲಿ ನನ್ನ ಹತ್ರ ತಗೋಬ್ಯಾಡ" ಎಂದು ಚೌಕಾಸಿ ಮಾಡಿದರು.

ಅವನು ತಲೆ ಕೆರೆದುಕೊಂಡ. "ಅಮ್ಮೋರೇ, ಬದುಕಿರೋರ ಹತ್ರ ಯಾವತ್ತೂ ವ್ಯಾಪಾರ ಮಾಡಿಲ್ಲ ನಾನು. ನೀವು ಹೇಳಿದ್ದೇ ರೇಟು" ಎಂದು ಪೇಪರಿನ ಪಾದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದ. ಪಾಪ, ಮೂರು ವರ್ಷದ ನಂತರ ಅವನೇ ಮೊದಲು ಹೋಗಿಬಿಟ್ಟ. ಟೀಚರಮ್ಮ ಅವನ ಮನೆಗೆ ಹೋಗಿ ಹೂವು ಹಾಕಿ ಬಂದರು. ಕೊಟ್ಟ ಮುಂಗಡದ ಸುದ್ದಿ ಅಲ್ಲಿ ಎತ್ತಲಿಲ್ಲ. ಅವನ ತಮ್ಮನಿಗೆ ಹೊಸದಾಗಿ ಒಪ್ಪಿಸಿ ಬಂದರು.

ಭಜನೆಯವರನ್ನು ಕರೆಸಿದ ದಿನವಂತೂ ಬೀದಿಗೆ ಬೀದಿಯೇ ಬಂದು ಕಾಂಪೌಂಡಿನ ಹತ್ತಿರ ನಿಂತಿತ್ತು. ಐದು ಜನರನ್ನು ಜಗುಲಿಯಲ್ಲಿ ಕೂರಿಸಿ, ಅಂದು ಏನು ಹಾಡುತ್ತೀರೋ ಅದನ್ನು ಇವತ್ತು ಹಾಡಿ ತೋರಿಸಿ ಎಂದರು. ಕಣ್ಣುಮುಚ್ಚಿ ಪೂರ್ತಿ ಕೇಳಿ, ಕೊನೆಯಲ್ಲಿ ತಾಳದವನ ಕಡೆ ಬೆರಳು ಮಾಡಿ, "ಇವನ್ನ ಬಿಟ್ಟು ಬರ್ರಿ" ಎಂದರು. ಅಯ್ಯನವರಿಗೂ, ಅಂದರೆ ಕ್ರಿಯೆ ಮಾಡಿಸಬೇಕಾದ ರಾಜಾಜಿನಗರದ ಜಂಗಮರಿಗೂ, ದಕ್ಷಿಣೆ ಮೊದಲೇ ಸಂದಾಯವಾಗಿತ್ತು. ಮಣ್ಣು ಕೊಟ್ಟು ಬಂದವರಿಗೆ ಹೊಟ್ಟೆ ಹಸಿದಿರುತ್ತದೆಂದು ಮೂಲೆಯ ಹೋಟೆಲಿನಲ್ಲಿ ಇಡ್ಲಿಗೂ ಹೇಳಿಟ್ಟಿದ್ದರು. ಇಡ್ಲಿಯ ಬೆಲೆ ಏರಿದಾಗಲೆಲ್ಲ ಹೋಗಿ ಮೇಲುದುಡ್ಡು ಕೊಟ್ಟು ಬರುತ್ತಿದ್ದರು.

ಇದ್ಯಾವುದೂ ಅಮ್ಮನಿಗೆ ಸೇರುತ್ತಿರಲಿಲ್ಲ. ನಮ್ಮ ಕಡೆ ಬದುಕಿರುವವರ ಸಾವಿನ ಮಾತು ಆಡುವುದೇ ಅಪಶಕುನ. ಟೀಚರಮ್ಮ ವಿಭೂತಿಯುಂಡೆಗಳ ಲೆಕ್ಕ ಶುರುಮಾಡಿದರೆ ಅಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಂಡು ಎದ್ದುಹೋಗುತ್ತಿದ್ದಳು. "ಬಿಡ್ತು ಅನ್ನಿ ಟೀಚರಮ್ಮ. ನೂರು ವರ್ಷ ಬದುಕೋ ಮಾತಾಡಿ" ಎನ್ನುತ್ತಿದ್ದಳು. ಹಾಗೆಂದು ಅವರಿಬ್ಬರಿಗೂ ಆಗುತ್ತಿರಲಿಲ್ಲ ಎಂದಲ್ಲ. ನಾನು ಕಾಲೇಜಿಗೆ ಹೋದ ಮೇಲೆ ಮಧ್ಯಾಹ್ನವೆಲ್ಲ ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಮಾತಾಡುತ್ತಾ ಕೂರುತ್ತಿದ್ದರು. ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿರಲಿಲ್ಲ, ಕೇಳಬೇಕು ಎಂದೂ ಅನ್ನಿಸಿರಲಿಲ್ಲ.

ಹೀಗಾಗಿ ಮುಖ್ಯವಾದ ಪಾಠ ನನಗೇ ಬಂತು. ಅದನ್ನು ನನ್ನಿಂದ ಒಪ್ಪಿಸಿಕೊಳ್ಳುತ್ತಿದ್ದರು, ಮಗ್ಗಿ ಒಪ್ಪಿಸಿಕೊಂಡ ಹಾಗೆ.

"ನನ್ನ ಉಸಿರು ನಿಂತ ಕೂಡ್ಲೇ ಏನು ಮಾಡ್ತಿ?"

"ಗೋಡೆಗೆ ಒರಗಿಸಿ ಕೂರಿಸ್ತೀನಿ."

"ಮಲಗಿಸ್ತಿ?"

"ಇಲ್ಲ."

"ಅಳ್ತಿ?"

"ಕೂರಿಸಿ ಆದ್ಮೇಲೆ ಅಳ್ತೀನಿ."

"ಶಾಣ್ಯಾಕಿ" ಎಂದು ನನ್ನ ಕೆನ್ನೆ ತಟ್ಟುತ್ತಿದ್ದರು. ದೇಹ ಸೆಟೆಯುವ ಮುಂಚೆ ಕೂರಿಸಿಬಿಟ್ಟರೆ ಯಾರೂ ಒತ್ತಬೇಕಾಗಿಲ್ಲ, ಮುರಿಯಬೇಕಾಗಿಲ್ಲ. ನಾನು ಮಾಡಿಯೇ ಮಾಡುತ್ತೇನೆಂದು ಅವರ ಕೈಮುಟ್ಟಿ ಮಾತು ಕೊಟ್ಟಿದ್ದೆ.

ಮನೆಗೆ ಬಂದ ಆರನೆಯ ವರ್ಷ ಅದು. ನನ್ನ ಡಿಗ್ರಿ ಮುಗಿದಿತ್ತು. ಎಂ.ಎ.ಗೆ ಅರ್ಜಿ ಹಾಕೆಂದು ಬೆನ್ನುಹತ್ತಿ ಬೆಳಿಗ್ಗೆ ಜ್ಞಾನಭಾರತಿಯ ಯೂನಿವರ್ಸಿಟಿಗೆ ಕಳಿಸಿದವರು ಟೀಚರಮ್ಮನೇ. ಆಗಿನ ಜ್ಞಾನಭಾರತಿಯೆಂದರೆ ಬಂಡೆ, ಕುರುಚಲು, ಅಲ್ಲೊಂದು ಇಲ್ಲೊಂದು ಕಲ್ಲುಕಟ್ಟಡ. ಒಂದು ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ನಾನು ಅರ್ಜಿ ಕೊಟ್ಟು ವಾಪಸ್ಸು ಬರುವಾಗ ಎರಡು ಗಂಟೆ ದಾಟಿತ್ತು. ಟೀಚರಮ್ಮನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಕಾಣಿಸಿತು.

ಒಳಗೆ ನಡುಮನೆಯಲ್ಲಿ ಟೀಚರಮ್ಮ ಮಲಗಿದ್ದರು. ತಲೆ ದಕ್ಷಿಣಕ್ಕೆ. ಕಾಲು ಎರಡೂ ನೀಟಾಗಿ ಚಾಚಿದ್ದವು, ಹೆಬ್ಬೆರಳು ಸೇರಿಸಿ ಬಿಳಿದಾರ ಕಟ್ಟಿತ್ತು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಅಮ್ಮ ಅವರ ಕೂದಲನ್ನು ಬಾಚಿ ಗಂಟುಹಾಕಿ ಕೂತಿದ್ದಳು, ಅತ್ತು ಅತ್ತು ಅವಳ ಮುಖ ಊದಿತ್ತು. ಬೆಳಿಗ್ಗೆ ಹತ್ತೂವರೆಗೆ, ಪೂಜೆ ಮುಗಿಸಿ ಎದ್ದು ನಿಂತವರು ಅಮ್ಮನ ತೋಳಿನ ಮೇಲೇ ಕುಸಿದರಂತೆ. ಅಪ್ಪ ಕಾರ್ಖಾನೆಯಿಂದ ಓಡಿಬಂದು ಅಯ್ಯನವರನ್ನು ಕರೆಯಲು ಹೋದರೆ ಅವರು ಮಹಾಲಕ್ಷ್ಮಿ ಲೇಔಟಿನಲ್ಲಿ ಯಾರದ್ದೋ ಗೃಹಪ್ರವೇಶದಲ್ಲಿದ್ದರು. ಅಪ್ಪ ಹುಡುಕಿಕೊಂಡು ಅಲ್ಲಿಗೆ ಹೋಗಿದ್ದಾನೆ ಎಂದು ನೆರೆದವರು ಹೇಳಿದರು.

ನಾನು ಟೀಚರಮ್ಮನ ಕೈ ಎತ್ತಲು ನೋಡಿದೆ. ಗಟ್ಟಿಯಾಗುತ್ತಿತ್ತು. ಮಂಡಿ ಮುಟ್ಟಿದೆ. ಆರು ವರ್ಷ ದಿನಾ ಮುಟ್ಟಿದ ಮಂಡಿ, ಕದಲಲಿಲ್ಲ. ಹಿಂದಿನ ಬೀದಿಯ ಅವರ ಪೈಕಿಯ ಹೆಂಗಸರಿಬ್ಬರು, "ಇನ್ನೇನು ಕುಂಡ್ರೂದಿಲ್ಲ ಬಿಡು" ಎಂದು ತಮ್ಮತಮ್ಮಲ್ಲೇ ಅನ್ನುವುದು ಕೇಳಿಸಿತು.

ಅಷ್ಟು ಜನರ ಎದುರಿಗೆ ನಾನು ಅಮ್ಮನ ಮೇಲೆ ಕೂಗಿದೆ. "ಆರು ವರ್ಷದಿಂದ ಅವ್ರು ಕೇಳಿದ್ದು ಒಂದೇ ಒಂದು. ಅದನ್ನೂ ಕೆಡಿಸ್ಬಿಟ್ಯಲ್ಲಮ್ಮಾ! ಕಿವಿ ಮುಚ್ಕೊಂಡು ಮುಚ್ಕೊಂಡು ಅವ್ರ ಕಾಲು ಮುರಿಸೋ ಹಾಗೆ ಮಾಡ್ದೆ. ನಿಂಗೆ ಬುದ್ಧಿ ಇಲ್ವಾ?"

ಅಮ್ಮ ಬಾಚಣಿಗೆ ಕೆಳಗಿಟ್ಟಳು. "ನಂಗೆ ಏನೂ ತೋಚ್ಲಿಲ್ಲ ಕಣೇ. ಕೈ ತಾನಾಗೇ ಮಾಡ್ಬಿಡ್ತು" ಎಂದಳು. ಹೆಬ್ಬೆರಳಿನ ದಾರ ಬಿಚ್ಚಲು ಹೋದಳು. ಗಂಟು ಬಿಚ್ಚಲಾಗಲಿಲ್ಲ. ನಾನು ಸಹಾಯ ಮಾಡಲಿಲ್ಲ, ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಿಂತೆ.

ಮೂರು ಗಂಟೆಯ ಹೊತ್ತಿಗೆ ಅಯ್ಯನವರು ಬಂದರು, ಜೊತೆಗೆ ಇಬ್ಬರು ಗಟ್ಟಿಮುಟ್ಟಾದ ಆಳುಗಳು. ಮಲಗಿದ್ದವರನ್ನು ನೋಡಿ ಅವರು ಗಾಬರಿಯಾಗಲಿಲ್ಲ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಲೂ ಇಲ್ಲ. "ಹಂಡೆ ನೀರು ಕಾಯಿಸ್ರಿ. ಅವಸರ ಇಲ್ಲ" ಎಂದರು. ಸ್ನಾನ ಮಾಡಿಸಲು ಅವರು ಕರೆದದ್ದು ತಮ್ಮ ಪೈಕಿಯ ಹೆಂಗಸರನ್ನಲ್ಲ, ಅಮ್ಮನನ್ನು. "ತಂಗಿ, ನೀವು ಬರ್ರಿ. ನಿಮ್ಮ ಮಗಳೂ ಬರಲಿ" ಎಂದರು.

ಸೀರೆ ಮರೆಯಲ್ಲಿ ನಾನೂ ಅಮ್ಮನೂ ಬಿಸಿನೀರು ಹುಯ್ದೆವು, ಬಿಸಿಬಟ್ಟೆ ಸುತ್ತಿದೆವು, ಎಣ್ಣೆ ತಿಕ್ಕಿದೆವು. ಮರೆಯಾಚೆಯಿಂದ ಅಯ್ಯನವರು ಹೇಳಿಕೊಡುತ್ತಿದ್ದರು. ಮೊದಲು ಭುಜ, ಆಮೇಲೆ ಸೊಂಟ, ಆಮೇಲೆ ಕಾಲು. ಒಂದು ಗಂಟೆಯೇ ಹಿಡಿಯಿತೇನೋ. ಎಡಗಾಲು ನಿಧಾನವಾಗಿ ಸಡಿಲವಾಗಿ ಮಡಿಸಿಕೊಂಡಿತು. ಬಲಗಾಲನ್ನು ನಾನು ಹಿಡಿದೆ. ಬದುಕಿದ್ದಾಗ ಎಷ್ಟು ಬಾಗುತ್ತಿತ್ತೋ ಅಷ್ಟಕ್ಕೇ ಬಾಗಿ ನಿಂತಿತು. ನಾನು ಹಾಗೆಂದಾಗ, ಮುಂದಕ್ಕೆ ಒತ್ತಲೇ ಎಂದು ಮರೆಯಾಚೆಯಿಂದ ಆಳುಗಳಲ್ಲಿ ಒಬ್ಬ ಕೇಳಿದ.

"ಮುಟ್ಟಬ್ಯಾಡ" ಎಂದರು ಅಯ್ಯನವರು. "ಇಷ್ಟು ದಿನ ಹೆಂಗ ಕುಂತು ಪೂಜಿ ಮಾಡಿದ್ರೋ ಹಂಗ ಕುಂಡ್ರಲಿ. ಶಿವಗ ಆ ಕಾಲು ಗೊತ್ತೈತಿ."

ಹಾಗೆಯೇ ಕೂರಿಸಿದೆವು. ಹೊಸ ಸೀರೆ, ಹಣೆಗೆ ವಿಭೂತಿ, ಎಡಗೈಯಲ್ಲಿ ಲಿಂಗ, ಬಲಗಾಲು ಕೊಂಚ ಮುಂದೆ. ಇಡೀ ಹೊತ್ತು ನಾನು ಕಿವಿಗೊಟ್ಟು ಕಾಯುತ್ತಿದ್ದೆ. ಯಾವ ಸದ್ದೂ ಬರಲಿಲ್ಲ. ಆಗ ನನಗೆ ಅಳು ಬಂತು, ಅವರು ಹೇಳಿದ್ದಂತೆ ಕೂರಿಸಿ ಆದ ಮೇಲೆಯೇ.

ಅಪ್ಪ, ಮೂವರು ಚಿಕ್ಕಪ್ಪಂದಿರು ವಿಮಾನ ಹೊತ್ತರು. ನಾಲ್ಕು ಜನ ಭಜನೆಯವರು ಮುಂದೆ ಹಾಡುತ್ತಾ ನಡೆದರು. ಮಾಗಡಿ ರಸ್ತೆಯಲ್ಲಿ ಬಸ್ಸುಗಳು ನಿಂತು ದಾರಿ ಬಿಟ್ಟವು. ಯಾರನ್ನೂ ಏನೂ ಕೇಳಬೇಕಾಗಲಿಲ್ಲ, ಯಾರೂ ಏನೂ ಮರೆಯಲಿಲ್ಲ, ಎಲ್ಲರಿಗೂ ತಮ್ಮ ತಮ್ಮ ಕೆಲಸ ಗೊತ್ತಿತ್ತು. ಅಷ್ಟು ಸಲೀಸಾದ ಸಾವನ್ನು ನಾನು ಆಮೇಲೆ ನೋಡಿಲ್ಲ. ಹೊತ್ತು ಮುಳುಗುವ ಮುಂಚೆ ಮಣ್ಣು ಕೊಟ್ಟಾಯಿತು.

ಗಂಡಸರು ಕೈಕಾಲು ತೊಳೆಯಲು ಹೋಗಿದ್ದರು. ನಾನು, ಅಮ್ಮ ರುದ್ರಭೂಮಿಯ ಗೇಟಿನ ಹತ್ತಿರ ನಿಂತಿದ್ದೆವು. ಅಯ್ಯನವರು ಬಂದು ಅಮ್ಮನ ಮುಂದೆ ನಿಂತರು.

"ನಿಮಗೊಂದು ಮಾತು ಹೇಳಬೇಕಿತ್ತು. ಹೋದ ವರ್ಷ ಟೀಚರಮ್ಮ ನನ್ನ ಕರೆಸಿ ಹೇಳಿದ್ರು. 'ಹಿಂದಿನ ಮನಿ ತಂಗಿ ನನ್ನ ಮಲಗಿಸೇ ಮಲಗಿಸ್ತಾಳ, ಅವರ ಪದ್ಧತಿ ಅದು. ಆಕಿ ಹನ್ನೊಂದು ದಿನದ ಬಾಣಂತಿ ಇದ್ದಾಗ ಆಕಿ ತಾಯಿ ತೀರಿಕೊಂಡಳಂತ. ಹಸೀ ಮೈ ಅಂತ ಗಂಡನ ಮನ್ಯಾಗ ಯಾರೂ ಕಳಿಸಲಿಲ್ಲಂತ. ತಾಯಿ ತಲೀ ಬಾಚಿ ಮಲಗಿಸೋ ಭಾಗ್ಯ ಆಕಿಗೆ ಸಿಗಲಿಲ್ಲ. ನನ್ನ ಮಲಗಿಸಿ ಒಂದಿಷ್ಟೊತ್ತು ಅತ್ತುಕೊಳ್ಳಲಿ. ನೀವು ಇಬ್ಬರು ಆಳು ಕರಕೊಂಡು ಬರ್ರಿ, ನೀರು ಕಾಯಿಸ್ರಿ, ಆಮ್ಯಾಲೆ ಕುಂಡ್ರಿಸ್ರಿ. ಆದ್ರ ಆಕಿಗೆ ಯಾರೂ ಒಂದು ಮಾತು ಅನ್ನಬಾರದು' ಅಂದ್ರು. ಆ ಇಬ್ಬರು ಆಳಿಂದೂ ಆಗಲೇ ಕೊಟ್ಟಿದ್ರು."

ಅಮ್ಮ ಹೆತ್ತದ್ದು ನನ್ನೊಬ್ಬಳನ್ನೇ. ಆ ಹನ್ನೊಂದು ದಿನದ ಕೂಸು ನಾನೇ. ಆ ಅಜ್ಜಿ ತೀರಿಕೊಂಡ ವಿಷಯ ಅಮ್ಮ ನನಗೆ ಹೇಳಿರಲಿಲ್ಲ, ಅವರೆಕಾಯಿ ಬಿಡಿಸುತ್ತಾ ಟೀಚರಮ್ಮನಿಗೆ ಹೇಳಿದ್ದಳು. ತಮಗಿದ್ದ ಒಂದೇ ಒಂದು ಭಯವನ್ನು ಬದಿಗಿಟ್ಟು, ಟೀಚರಮ್ಮ ತಮ್ಮ ಸಾವಿನಲ್ಲಿ ಅಮ್ಮನಿಗೆ ಅರ್ಧ ದಿನ ಬಿಟ್ಟುಕೊಟ್ಟಿದ್ದರು. ಅವಳಿಗೆ ಒಂದು ಮಾತೂ ಅನ್ನಬಾರದೆಂದು ಅಯ್ಯನವರಿಗೆ ಹೇಳಿದ್ದರು, ನನಗೆ ಹೇಳಿರಲಿಲ್ಲ. ಅನ್ನುವವಳು ನಾನಾಗಿರುತ್ತೇನೆಂದು ಅವರಿಗೆ ಹೊಳೆದೇ ಇರಲಿಲ್ಲ.

"ನಾನು ಬರೋದು ತಡ ಆತು" ಎಂದರು ಅಯ್ಯನವರು. "ಅಷ್ಟ್ರೊಳಗ ಯಾರೂ ನಿಮಗ ಏನೂ ಅನ್ನಲಿಲ್ಲ ಹೌದಿಲ್ಲೋ?"

ಅಮ್ಮ ನನ್ನ ಕಡೆ ತಿರುಗಿ ನೋಡಲಿಲ್ಲ. ಸೆರಗಿನೊಳಗಿಂದ ಕೈಚಾಚಿ ನನ್ನ ಕೈ ಹಿಡಿದುಕೊಂಡಳು.

"ಇಲ್ಲ ಬುದ್ಧಿ" ಎಂದಳು. "ಯಾರೂ ಏನೂ ಅನ್ಲಿಲ್ಲ."